ಎಂಟು ಹಾಕಿ ಪಾಸಾದ ಮೇಲೆ ಯಾವ ಗಾಡಿ?

ಆರ್‌ಟಿಒ ಮೈದಾನದಲ್ಲಿ ಕಾಲು ನೆಲಕ್ಕೆ ಊರದೆ ಎಂಟು ಹಾಕಿ ಬಂದ ಹದಿನೆಂಟರ ಹುಡುಗನಿಗೆ ನಮ್ಮ ಕಾನೂನು ಎಲ್ಲವನ್ನೂ ಒಂದೇ ಏಟಿಗೆ ಕೊಟ್ಟುಬಿಡುತ್ತದೆ. ಡಿಎಲ್ ಕಾರ್ಡಿನಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ಎಂದು ಬಂದರೆ ಸಾಕು, 100 ಸಿಸಿ ಸ್ಪ್ಲೆಂಡರ್ ಆದರೂ ಸರಿ, 650 ಸಿಸಿ ಎನ್‌ಫೀಲ್ಡ್ ಆದರೂ ಸರಿ, ಅಂದೇ ಹತ್ತಿ ಹೊರಡಬಹುದು. ಯುರೋಪಿನಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಚಿಕ್ಕ ವಯಸ್ಸಿನವರಿಗೆ 125 ಸಿಸಿ, ಆಮೇಲೆ ಕೆಲವು ವರ್ಷ 35 ಕಿಲೋವಾಟ್‌ಗೆ, ಅಂದರೆ ಸುಮಾರು 47 ಅಶ್ವಶಕ್ತಿಗೆ ಮೀರದ ಗಾಡಿ, ಅದಾದ ಮೇಲಷ್ಟೇ ದೊಡ್ಡದು. ಇಲ್ಲಿ ಆ ತೀರ್ಮಾನವನ್ನು ಸರ್ಕಾರ ಮನೆಯವರ ತಲೆಗೆ ಕಟ್ಟಿದೆ. ಮನೆಯಲ್ಲಿ ಅಪ್ಪ ಮೈಲೇಜ್ ಕೇಳುತ್ತಾರೆ, ಅಮ್ಮ ಬಿದ್ದರೆ ಏನು ಗತಿ ಎನ್ನುತ್ತಾರೆ, ಹುಡುಗ ಮೊಬೈಲಿನಲ್ಲಿ ಡ್ಯೂಕ್‌ನ ವಿಡಿಯೊ ನೋಡುತ್ತಿರುತ್ತಾನೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಕಡೆ ಈ ಚರ್ಚೆಗೆ ಕೂರುವವರು ಮೊದಲು ನೋಡಬೇಕಾದದ್ದು ರಸ್ತೆಯನ್ನು. ಹಿರಿಯೂರಿನಿಂದ ಚಳ್ಳಕೆರೆ, ತಳಕು, ರಾಂಪುರ ಹಾಯ್ದು ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಒಂದು ಬಗೆ. ಅಲ್ಲಿ ಲಾರಿಗಳದ್ದೇ ಆಳ್ವಿಕೆ. ಅದರಿಂದ ಕವಲೊಡೆದು ಶೇಂಗಾ ಹೊಲಗಳ ನಡುವೆ ಹೋಗುವ ಹಳ್ಳಿ ರಸ್ತೆಗಳು ಇನ್ನೊಂದು ಬಗೆ. ಅಂಚಿನಲ್ಲಿ ಜಾಲಿ, ಮಧ್ಯೆ ಗುಂಡಿ, ಸುಗ್ಗಿ ಬಂತೆಂದರೆ ರಾಗಿಯೋ ಹುರುಳಿಯೋ ಹರವಿದ ಕಣ. ಒಣಗಿದ ಹುರುಳಿ ಬಳ್ಳಿಯ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದವನಿಗೆ ಗಾಡಿ ಎತ್ತ ಜಾರಿತೆಂದು ತಿಳಿಯುವ ಹೊತ್ತಿಗೆ ಮೊಣಕಾಲು ತರಚಿರುತ್ತದೆ. ಹೆದ್ದಾರಿಗೆ ಒಪ್ಪುವ ಗಾಡಿ ಹಳ್ಳಿ ದಾರಿಗೆ ದುಬಾರಿ, ಹಳ್ಳಿ ದಾರಿಗೆ ಒಪ್ಪುವುದು ಹೆದ್ದಾರಿಯಲ್ಲಿ ಏದುಸಿರು ಬಿಡುತ್ತದೆ.

ಏದುಸಿರನ್ನು ಲೆಕ್ಕಕ್ಕೆ ಇಳಿಸಿ ನೋಡಬಹುದು. ಗಂಟೆಗೆ 55 ಕಿ.ಮೀ. ವೇಗದ ಲಾರಿಯನ್ನು 65ರಲ್ಲಿ ಹಿಂದಿಕ್ಕಲು ಹೊರಟರೆ ವ್ಯತ್ಯಾಸ ಹತ್ತೇ ಕಿ.ಮೀ. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ 40 ಮೀಟರ್ ಎಂದುಕೊಂಡರೂ ಹದಿನಾಲ್ಕು ಸೆಕೆಂಡ್ ಎದುರು ಬದಿಯಲ್ಲಿರಬೇಕು. ಅಷ್ಟರಲ್ಲಿ ಗಾಡಿ 260 ಮೀಟರ್ ಓಡಿರುತ್ತದೆ, ಎದುರಿನಿಂದ ಬರುವ ಬಸ್ಸೂ ಹೆಚ್ಚುಕಡಿಮೆ ಅಷ್ಟೇ ಓಡಿರುತ್ತದೆ. ಅದೇ 75ಕ್ಕೆ ಏರಿಸಬಲ್ಲ ಗಾಡಿಯಾದರೆ ಏಳು ಸೆಕೆಂಡ್, 150 ಮೀಟರ್. 8 ಅಶ್ವಶಕ್ತಿಯ ನೂರು ಸಿಸಿ ಗಾಡಿ, ಹಿಂದೊಬ್ಬರು ಕೂತು ಎದುರುಗಾಳಿಯೂ ಇದ್ದರೆ, 65ರಿಂದ 75ಕ್ಕೆ ಏರಲು ಬಹಳ ಸತಾಯಿಸುತ್ತದೆ. ದಿನವೂ ಹೆದ್ದಾರಿಯಲ್ಲೇ ಓಡಾಡಬೇಕಾದವರಿಗೆ 125 ಸಿಸಿ ಎನ್ನುವುದು ಈ ಕಾರಣಕ್ಕೆ, ಶೋಕಿಗಲ್ಲ. ನಾಯಕನಹಟ್ಟಿ, ಪರಶುರಾಂಪುರ ಸುತ್ತಿನ ಹಳ್ಳಿಗಳಲ್ಲಿ, ಹೊಲ ಮತ್ತು ಪೇಟೆಯ ನಡುವೆ ಓಡಾಡುವವರಿಗೆ ನೂರೇ ಸಾಕು.

ಎಷ್ಟಾಗುತ್ತದೆ? 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 128 ಇದ್ದದ್ದು 118 ಆದಂತೆ, ಬೆಲೆಯಲ್ಲಿ ಹೆಚ್ಚುಕಡಿಮೆ ಶೇ 8 ಕಡಿತ. ಆಮೇಲೆ ಹೀರೊ ಎಚ್‌ಎಫ್ ಡಿಲಕ್ಸ್, ಟಿವಿಎಸ್ ಸ್ಪೋರ್ಟ್, ಹೊಂಡಾ ಶೈನ್ 100, ಬಜಾಜ್ ಪ್ಲಾಟಿನಾ, ಸ್ಪ್ಲೆಂಡರ್ ಪ್ಲಸ್ ಇವೆಲ್ಲ ಎಕ್ಸ್ ಶೋರೂಂ ಲೆಕ್ಕದಲ್ಲಿ ಸುಮಾರು 55ರಿಂದ 75 ಸಾವಿರದೊಳಗೆ ಬಂದವು. 125 ಸಿಸಿಯವು 80 ಸಾವಿರದಿಂದ ಲಕ್ಷದ ಆಸುಪಾಸು. ಪತ್ರಿಕೆಯ ಜಾಹೀರಾತಿನಲ್ಲಿರುವುದು ಈ ಅಂಕಿ. ಕೈಯಿಂದ ಹೋಗುವುದು ಆನ್ ರೋಡ್ ಬೆಲೆ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಭಾರವಾದವುಗಳಲ್ಲಿ ಒಂದು. ಅದರ ಮೇಲೆ ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕಟ್ಟುವುದು ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗೆ ಅದು 3,851 ರೂಪಾಯಿ, 150 ದಾಟಿದರೆ 7,365. ಅಂದರೆ 160 ಸಿಸಿ ಗಾಡಿ ಇಷ್ಟಪಟ್ಟವನು ವಿಮೆಯ ಸಾಲಿನಲ್ಲೇ ಹತ್ತಿರ ಹತ್ತಿರ ಎರಡು ಪಟ್ಟು ತೆರುತ್ತಾನೆ. ಈ ಮಾತನ್ನು ಶೋರೂಮಿನಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ.

ಸಾಲದ ವಿಷಯದಲ್ಲಂತೂ ಇನ್ನೂ ಮೌನ. "ಬಡ್ಡಿ ಹನ್ನೆರಡೇ ಸರ್" ಎನ್ನುವುದು ಸಾಮಾನ್ಯವಾಗಿ ಫ್ಲಾಟ್ ಬಡ್ಡಿ. 60 ಸಾವಿರ ಸಾಲ, ಮೂರು ವರ್ಷ ಎಂದರೆ ಬಡ್ಡಿ 21,600, ತಿಂಗಳ ಕಂತು 2,267 ರೂಪಾಯಿ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಅರವತ್ತು ಸಾವಿರದ ಮೇಲೇ ಓಡುತ್ತಿರುತ್ತದೆ. ಕರಗುವ ಅಸಲಿನ ಲೆಕ್ಕಕ್ಕೆ ತಂದರೆ ಇದೇ ಕಂತು ವರ್ಷಕ್ಕೆ ಶೇ 21ರ ಬಡ್ಡಿಗೆ ಸಮ. ಬ್ಯಾಂಕಿನ ಸಾಲದ ಜೊತೆ ಹೋಲಿಸುವಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಕೇಳಬೇಕು. ಇದಲ್ಲದೆ ಮಳೆಯಾಶ್ರಿತ ಶೇಂಗಾ ಬೆಳೆಯುವ ಮನೆಗೆ ದುಡ್ಡು ಬರುವುದು ಸುಗ್ಗಿಗೆ, ಕಂತು ಬರುವುದು ಪ್ರತಿ ತಿಂಗಳು. ಮಳೆ ಕೈಕೊಡುವುದು ಈ ಸೀಮೆಗೆ ಹೊಸದಲ್ಲ. ಆಯುಧಪೂಜೆಯ ಆಫರ್‌ಗೆ ಮರುಳಾಗಿ ಕಡಿಮೆ ಡೌನ್ ಪೇಮೆಂಟಿಗೆ ಗಾಡಿ ತಂದು, ಮುಂದಿನ ಬೇಸಿಗೆಯಲ್ಲಿ ಸೀಜ್ ಮಾಡಿಸಿಕೊಳ್ಳುವುದಕ್ಕಿಂತ ಶೇಂಗಾ ಮಾರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಕೈಯಿಂದ ಹಾಕಿ ತರುವುದು ಲೇಸು.

ಪೆಟ್ರೋಲ್ ಲೆಕ್ಕವನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ಆದರೂ ಒಮ್ಮೆ ಬರೆದು ನೋಡಿದರೆ ಚೆನ್ನ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿ.ಮೀ. ದಿನಾ ಹೋಗಿಬಂದರೆ 60, ತಿಂಗಳಿಗೆ 25 ದಿನ ಎಂದರೆ 1,500 ಕಿ.ಮೀ. ಲೀಟರಿಗೆ 60 ಕೊಡುವ ಗಾಡಿಗೆ 25 ಲೀಟರ್, 35 ಕೊಡುವುದಕ್ಕೆ 43. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ 1,800 ರೂಪಾಯಿ ವ್ಯತ್ಯಾಸ. ಮೇಲಿನ ಕಂತಿನ ಮುಕ್ಕಾಲು ಪಾಲು ಅಲ್ಲಿಗೇ ಬಂತು. ಮೊದಲ ಕೆಲಸಕ್ಕೆ ಸೇರಿದವರ ಸಂಬಳದಲ್ಲಿ ಇದು ಸಣ್ಣ ಮೊತ್ತವಲ್ಲ.

ಹಳ್ಳಿಗಳಲ್ಲಿ ಇಂದಿಗೂ ಹಿರಿಯರು ಸ್ಪ್ಲೆಂಡರನ್ನು "ಹೀರೊ ಹೊಂಡಾ" ಎಂದೇ ಕರೆಯುತ್ತಾರೆ. ಆ ಎರಡು ಕಂಪನಿಗಳು ಬೇರೆಯಾಗುವ ನಿರ್ಧಾರ ಮಾಡಿದ್ದು 2010ರಲ್ಲಿ. 1985ರ ಸಿಡಿ 100, 1994ರ ಸ್ಪ್ಲೆಂಡರ್ ಊರೂರಿನ ಮದುವೆ ಮಾತುಕತೆಗಳಲ್ಲಿ ವರದಕ್ಷಿಣೆಯ ಪಟ್ಟಿ ಸೇರಿದ್ದೂ ಒಂದು ಕಹಿ ಸತ್ಯ. ಆದರೆ ಸ್ಪ್ಲೆಂಡರಿನ ಜನಪ್ರಿಯತೆಯ ಗುಟ್ಟು ಬೇರೆ: 112 ಕೆ.ಜಿ. ತೂಕ, 97 ಸಿಸಿಯ ಸರಳ ಎಂಜಿನ್, 18 ಇಂಚಿನ ಚಕ್ರ, ಯಾವ ಹೋಬಳಿಯಲ್ಲಾದರೂ ಸಿಗುವ ಕ್ಲಚ್ ಪ್ಲೇಟು. 2023ರಲ್ಲಿ ಬಂದ ಶೈನ್ 100 ಇನ್ನೂ ಹಗುರ, 99 ಕೆ.ಜಿ. ಪಕ್ಕದಲ್ಲಿ ಹಂಟರ್ 350 ನಿಲ್ಲಿಸಿದರೆ ಅದು 181 ಕೆ.ಜಿ. ಎಂಟು ಹಾಕಿ ತಿಂಗಳಾಗದವನು ಮರಳಿನಲ್ಲಿ ವಾಲಿದ ಗಾಡಿಯನ್ನು ಒಂದು ಕಾಲಿನ ಮೇಲೆ ತಡೆಯಬೇಕಾದಾಗ ಆ 80 ಕೆ.ಜಿ. ವ್ಯತ್ಯಾಸ ಏನೆಂದು ಅರ್ಥವಾಗುತ್ತದೆ.

ಟಿವಿಎಸ್ ಎಕ್ಸ್‌ಎಲ್ 100 ಅನ್ನು ಹುಡುಗರು ಹಂಗಿಸುವುದುಂಟು. ಆದರೆ ಮೇವಿನ ಹೊರೆ, ಹಾಲಿನ ಕ್ಯಾನು, ಶೇಂಗಾ ಚೀಲ, ಒಮ್ಮೊಮ್ಮೆ ಒಂದು ಆಡು, ಇಷ್ಟನ್ನೂ ಮುಂದಿನ ಹಲಗೆಯ ಮೇಲೆ ಹೊರುವ ಗಾಡಿ ಇನ್ನೊಂದಿಲ್ಲ. ಅದಕ್ಕೆ ಗೇರ್ ಇಲ್ಲದ ವಾಹನದ ಲೈಸೆನ್ಸ್ ಸಾಕು. 50 ಸಿಸಿ ಮೀರಿದ್ದರಿಂದ ಹದಿನೆಂಟು ತುಂಬಿರಬೇಕು ಅಷ್ಟೆ. ಗೇರ್ ಇಲ್ಲದ ಲೈಸೆನ್ಸಿನಲ್ಲಿ ಸ್ಪ್ಲೆಂಡರ್ ಓಡಿಸಿದರೆ ಮಾತ್ರ ಲೈಸೆನ್ಸೇ ಇಲ್ಲದಂತೆ.

ಜಾಲಿ ಮುಳ್ಳಿನ ಸೀಮೆಯಲ್ಲಿ ಟಯರ್ ಬಗ್ಗೆ ಎರಡು ಮಾತು ಹೆಚ್ಚಾಗಲಾರದು. ಟ್ಯೂಬ್ ಇರುವ ಚಕ್ರಕ್ಕೆ ಮುಳ್ಳು ಹೊಕ್ಕರೆ ಗಾಳಿ ಒಮ್ಮೆಲೇ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಕೂತಲ್ಲೇ ಕೂತು ಗಾಳಿ ಮೆಲ್ಲಗೆ ಇಳಿಯುವುದರಿಂದ ಪಂಕ್ಚರ್ ಅಂಗಡಿವರೆಗೆ ಬರಬಹುದು. ಅಗ್ಗದ ಗಾಡಿಗಳಲ್ಲಿ ಎಲ್ಲಕ್ಕೂ ಟ್ಯೂಬ್‌ಲೆಸ್ ಇರುವುದಿಲ್ಲ, ಒಂದೇ ಮಾಡೆಲಿನ ಕೆಳಗಿನ ವೇರಿಯಂಟ್‌ನಲ್ಲಿ ಬಿಟ್ಟಿರುತ್ತಾರೆ. ಸಾವಿರ ಎರಡು ಸಾವಿರ ಹೆಚ್ಚಾದರೂ ಇದಕ್ಕೆ ಕೊಡಬಹುದು, ಬಣ್ಣದ ಸ್ಟಿಕ್ಕರಿಗೆ ಬೇಡ. ಬ್ರೇಕ್ ಕೂಡ ಹಾಗೆಯೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಬಂತು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಚಕ್ರ ಲಾಕ್ ಆಗುವುದನ್ನು ಅದು ತಡೆಯದು, ಎಬಿಎಸ್ ತಡೆಯುತ್ತದೆ.

ಹೊಸದಕ್ಕೆ ದುಡ್ಡು ಸಾಲದವರು ಸೆಕೆಂಡ್ ಹ್ಯಾಂಡ್ ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಮೊಳಕಾಲ್ಮುರಿನಿಂದ ಆಂಧ್ರದ ರಾಯದುರ್ಗ ಕೂಗಳತೆಯಲ್ಲಿದೆ. ಹಾಗಾಗಿ ಎಪಿ ನಂಬರಿನ ಗಾಡಿ ಅಗ್ಗಕ್ಕೆ ಸಿಗುವುದುಂಟು. ಆದರೆ ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಆಜೀವ ತೆರಿಗೆ ಕಟ್ಟಿ, ಕೆಎ 16 ನಂಬರ್ ಪಡೆಯಬೇಕು. ಅದೆಲ್ಲ ಕೂಡಿಸಿದರೆ ಅಗ್ಗ ಎಂದದ್ದು ಎಷ್ಟೋ ಸಲ ಅಗ್ಗವಲ್ಲ. ಊರಿನೊಳಗೇ ಕೊಂಡರೂ ಫಾರಂ 29 ಮತ್ತು 30 ತುಂಬಿ ಆರ್‌ಸಿ ಹೆಸರು ಬದಲಾಗಲೇಬೇಕು. ಸಾಲದ ಗಾಡಿಯಾಗಿದ್ದರೆ ಫಾರಂ 35. ಸಹಿ ಹಾಕಿದ ಖಾಲಿ ಫಾರಂ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುವ ರೂಢಿ ಕೊಟ್ಟವನಿಗೂ ಅಪಾಯ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರ ಅವರ ಮೇಲೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವನು ವಿಮೆಯನ್ನೂ ಹದಿನಾಲ್ಕು ದಿನದೊಳಗೆ ತನ್ನ ಹೆಸರಿಗೆ ಕೇಳಬೇಕು.

ಗಾಡಿಯನ್ನು ನೋಡಲು ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗುವುದು ಒಳ್ಳೆಯದು. ಮೊದಲೇ ಬಿಸಿ ಮಾಡಿಟ್ಟ ಗಾಡಿ ಕಾಯಿಲೆ ಮುಚ್ಚಿಡುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆಯಾಗಬೇಕು, ಬಾಕಿ ದಂಡ ಇದೆಯೇ ಎಂದು ಆನ್‌ಲೈನಿನಲ್ಲಿ ನೋಡಬೇಕು. ಇನ್ನೊಂದು ಸೂಕ್ಷ್ಮ: 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಮಾಲಿನ್ಯ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಅದಕ್ಕೂ ಹಿಂದಿನ ಗಾಡಿಯನ್ನು ಹಳ್ಳಿಯ ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ. ಹೊಸದರಲ್ಲಿ ಸೆನ್ಸರ್ ಕೆಟ್ಟರೆ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ತರಬೇಕಾಗಬಹುದು.

ಹಳೆಯ ಗಾಡಿಯ ಹುಚ್ಚು ಬೇರೆಯದೇ ರೋಗ. ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಯಮಹಾ ಆರ್‌ಎಕ್ಸ್ 100 ತಯಾರಿ ನಿಂತದ್ದೂ ಅದೇ ವರ್ಷ. ಆಗಿನ್ನೂ ಹುಟ್ಟದ ಹುಡುಗರು ಇಂದು ಆರ್‌ಎಕ್ಸ್‌ನ ಸದ್ದಿಗೆ ಹೊಸ ಗಾಡಿಯ ದುಡ್ಡು ಸುರಿಯಲು ಸಿದ್ಧ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಆಗಲಿ. ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಬೇಕಾದವನ ಮೊದಲ ಗಾಡಿಯಾಗಿ ಅದು ನಡೆಯದು.

ಒಟ್ಟು ಬಜೆಟ್ಟಿನಲ್ಲಿ ಹೆಲ್ಮೆಟ್ಟಿನ ದುಡ್ಡನ್ನು ಮೊದಲೇ ಎತ್ತಿಡಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಸುಮಾರು 75 ಸಾವಿರ ಮಂದಿ ದ್ವಿಚಕ್ರ ವಾಹನದವರು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ, ಆದರೂ ರಸ್ತೆ ಬದಿ ಟಾರ್ಪಾಲಿನ ಮೇಲೆ ಅರ್ಧ ತಲೆಯ ಟೋಪಿಗಳು ಕಾಣುತ್ತಲೇ ಇವೆ. ಪೊಲೀಸರನ್ನು ದಾಟಲು ಕೂಡ ಅವು ಈಗ ಸಾಲುವುದಿಲ್ಲ. ಬೇಸಿಗೆಯ ಸೆಕೆಗೆ ಪೂರ್ತಿ ಹೆಲ್ಮೆಟ್ ಹಿಂಸೆ ಎನ್ನುವವರು ಗಾಳಿಕಿಂಡಿ ಇರುವುದನ್ನು, ಒಳಬಟ್ಟೆ ತೆಗೆದು ಒಗೆಯಬಹುದಾದ್ದನ್ನು ಹಾಕಿ ನೋಡಿ ಕೊಳ್ಳಬಹುದು. ಹಿಂದೆ ಕೂರುವವರಿಗೂ 2016ರಿಂದ ಕರ್ನಾಟಕದಲ್ಲಿ ಹೆಲ್ಮೆಟ್ ಕಡ್ಡಾಯ, ಅಂದರೆ ಲೆಕ್ಕ ಎರಡಕ್ಕೆ.

ಹದಿನೆಂಟು ತುಂಬುವ ಮೊದಲೇ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸುವ ಮನೆಗಳಿಗೆ 2019ರ ತಿದ್ದುಪಡಿ ಕಾಯ್ದೆ ಗೊತ್ತಿರಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ವರ್ಷದ ಮಟ್ಟಿಗೆ ಆ ಗಾಡಿಯ ನೋಂದಣಿ ರದ್ದು.

ಗಾಡಿ ಮನೆಗೆ ಬಂದು ನಿಂಬೆಹಣ್ಣು ತುಳಿಸಿದ ಮೇಲೆ ಮೊದಲ ತಿಂಗಳು ಹೊಸ ಎಂಜಿನನ್ನು ಎಳೆಯದೆ, ರಾತ್ರಿ ಹೆದ್ದಾರಿ ಹಿಡಿಯದೆ, ಹಿಂದೆ ಭಾರ ಹಾಕದೆ ಓಡಿಸಿದರೆ ಗಾಡಿಗೂ ಕೈಗೂ ಪಳಗುವ ಹೊತ್ತು ಸಿಗುತ್ತದೆ. ಅಶೋಕ ಸಿದ್ದಾಪುರದ ಕಡೆಗಿನಂಥ ಲಾರಿ ಕಡಿಮೆ ಇರುವ ದಾರಿಗಳು ಇದಕ್ಕೆ ಒಳ್ಳೆಯವು. ಮೊದಲ ಸರ್ವಿಸ್ ಕಂಪನಿ ಹೇಳಿದ 500ರಿಂದ 1,000 ಕಿ.ಮೀ.ಯೊಳಗೆ ಆಗಬೇಕು, ತಪ್ಪಿದರೆ ವಾರಂಟಿ ಕೇಳಲು ಹೋದಾಗ ತಕರಾರು ಏಳುತ್ತದೆ. ಈ ಸೀಮೆಯ ಧೂಳಿನಲ್ಲಿ ಏರ್ ಫಿಲ್ಟರ್ ಮತ್ತು ಚೈನನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮುಂಚೆಯೇ ಬಿಚ್ಚಿ ನೋಡಿಸುವುದು ಒಳ್ಳೆಯದು.