ತುಂಬಿದ ಬಂಡಿ, ಹಗುರ ಬಂಡಿ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವನು ನಾನು. ಅದರಲ್ಲಿ ಯಂತ್ರಶಾಸ್ತ್ರದ ಪಾಠವೊಂದನ್ನೂ ಕಾಣಬಹುದೆಂದು ನನಗೆ ಹೊಳೆದದ್ದು ಮಾತ್ರ ನಿವೃತ್ತನಾದ ಮೇಲೆ, ಒಡೆದ ಮಡಕೆಗಳ ಮುಂದೆ ನಿಂತಾಗ.

ಸಕಲೇಶಪುರದ ಕಡೆ ನನ್ನ ತಮ್ಮನಿಗೆ ಒಂದಿಷ್ಟು ಕಾಫಿ ತೋಟವುಂಟು. ಜೀಪಿನ ಹಿಂದೆ ಕಟ್ಟುವ ಎರಡು ಗಾಲಿಯ ಸಣ್ಣ ಟ್ರೇಲರು ಅವನ ಬಲಗೈ. ಐವತ್ತು ಕಿಲೊ ತೂಗುವ ಹತ್ತು ಕಾಫಿ ಮೂಟೆಗಳನ್ನು ಹೊತ್ತು ಅದು ಗಂಭೀರವಾಗಿ ಸಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವನ ಮಗಳ ಮದುವೆಗೆ ಅರಿವೇಣಿಯ ಮಡಕೆಗಳು ಬೇಕಾದವು. ನಮ್ಮೂರಿನಲ್ಲಿ ಕುಂಬಾರರ ಚಕ್ರ ನಿಂತು ಬಹಳ ಕಾಲವಾಯಿತು. ದೂರದ ಊರಿನಿಂದ ತರಬೇಕು. ತೋಟದ ಹುಡುಗನೊಬ್ಬ ಟ್ರೇಲರು ಕಟ್ಟಿಕೊಂಡು ಹೋದ. ಹಿಂದಿರುಗಿ ಬಂದಾಗ ಅರ್ಧಕ್ಕರ್ಧ ಮಡಕೆಗಳು ಹೋಳಾಗಿದ್ದವು. ಶುಭಕಾರ್ಯಕ್ಕೆ ತಂದ ಮಡಕೆ ಒಡೆದರೆ ಮನೆಯ ಹೆಂಗಸರ ಮನಸ್ಸು ಹೇಗಾಗುತ್ತದೆಂದು ಹೇಳಬೇಕಾಗಿಲ್ಲ. ಎಲ್ಲರೂ ಆ ಹುಡುಗನನ್ನು ಬೈದರು. ನಾನೂ ಎರಡು ಮಾತು ಸೇರಿಸಿದೆ. "ನಿಧಾನವಾಗೇ ಬಂದೆ ಸ್ವಾಮಿ" ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಜೀಪು ರಿಪೇರಿ ಮಾಡುವ ಮುದುಕರೊಬ್ಬರು ಬೇರೆ ಕೆಲಸಕ್ಕೆ ಬಂದಿದ್ದರು. ವಿಷಯ ಕೇಳಿ ಅವರು ಖಾಲಿ ಟ್ರೇಲರಿನ ಮೂಲೆಯೊಂದನ್ನು ಎರಡೂ ಕೈಗಳಿಂದ ಬಲವಾಗಿ ಅದುಮಿದರು. ಅದು ಅಲುಗಲಿಲ್ಲ. "ನೋಡಿ ಮೇಷ್ಟ್ರೆ, ಇದಕ್ಕೆ ಹೊರೆ ಬೇಕು. ಹೊರೆ ಇಲ್ಲದಿದ್ದರೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ" ಎಂದರು.

ಅವರ ಮಾತನ್ನು ಒಂದು ಲೆಕ್ಕದಿಂದ ಬಿಡಿಸಿ ಹೇಳುತ್ತೇನೆ. ಟ್ರೇಲರಿನ ಪೆಟ್ಟಿಗೆಯ ತೂಕ 150 ಕಿಲೊ, ಹೊರೆ 500 ಕಿಲೊ ಎಂದುಕೊಳ್ಳಿ. ಒಟ್ಟು 650 ಕಿಲೊ ಬಿದ್ದಾಗ ಕಮಾನು ಪಟ್ಟಿಗಳು 10 ಸೆಂಟಿಮೀಟರ್ ಬಗ್ಗುತ್ತವೆ ಎನ್ನೋಣ. ಅಂದರೆ ಒಂದೊಂದು ಸೆಂಟಿಮೀಟರಿಗೆ 65 ಕಿಲೊ ಬೇಕು. ಈಗ ಮೂಟೆಗಳನ್ನು ಇಳಿಸಿ 50 ಕಿಲೊ ಮಡಕೆಗಳನ್ನಿಡಿ. ಒಟ್ಟು 200 ಕಿಲೊ; ಪಟ್ಟಿಗಳು ಬಗ್ಗುವುದು ಮೂರೇ ಸೆಂಟಿಮೀಟರ್. ದಾರಿಯ ಉಬ್ಬೊಂದು ಗಾಲಿಗಳೆರಡನ್ನೂ ಥಟ್ಟನೆ 5 ಸೆಂಟಿಮೀಟರ್ ಎತ್ತಿತೆಂದರೆ ಸ್ಪ್ರಿಂಗುಗಳು ಮೇಲಕ್ಕೆ ಹೆಚ್ಚಾಗಿ ಒತ್ತುವ ಬಲ 325 ಕಿಲೊ. ತುಂಬಿದ ಬಂಡಿಗೆ ಅದು ತನ್ನ ತೂಕದ ಅರ್ಧ ಮಾತ್ರ. ಹಗುರ ಬಂಡಿಗೆ ಒಂದೂವರೆ ಪಟ್ಟಿಗೂ ಮಿಗಿಲು. ಮೊದಲನೆಯದು ತೂಗುತ್ತದೆ, ಎರಡನೆಯದು ಚಿಮ್ಮುತ್ತದೆ. ತುಂಬಿದಾಗ ಸೆಕೆಂಡಿಗೆ ಸುಮಾರು ಒಂದೂವರೆ ಸಲ ತೊಟ್ಟಿಲಿನಂತೆ ತೂಗುವ ಬಂಡಿ ಹಗುರವಾದಾಗ ಹೆಚ್ಚುಕಡಿಮೆ ಮೂರು ಸಲ ಕುಣಿಯುತ್ತದೆ.

ಹಾಗಾದರೆ ಪರಿಹಾರವೇನು? ಮೊದಲು ನೋಡಬೇಕಾದದ್ದು ತುಕ್ಕು. ಕಮಾನು ಪಟ್ಟಿಗಳು ಒಂದರ ಮೇಲೊಂದು ಜಾರಿದರೆ ತಾನೆ ಬಗ್ಗುವುದು? ನಡುವೆ ತುಕ್ಕು ಕಚ್ಚಿಕೊಂಡರೆ ಸಣ್ಣ ಹೊರೆಗೆ ಅವು ಜಗ್ಗುವುದೇ ಇಲ್ಲ. ಬಿಚ್ಚಿ, ಉಜ್ಜಿ, ಗ್ರೀಸು ಹಚ್ಚಿದರೆ ಅರ್ಧ ಕಾಯಿಲೆ ವಾಸಿ. ಎರಡನೆಯದು ಟೈರಿನ ಗಾಳಿ. ಟೈರೂ ಒಂದು ಸ್ಪ್ರಿಂಗೇ. ಪೂರ್ಣ ಹೊರೆಗೆಂದು ತುಂಬಿದ ಗಾಳಿ ಹಗುರ ಹೊರೆಗೆ ಅತಿಯಾಗುತ್ತದೆ. ಟೈರು ತಯಾರಿಸಿದವರು ಇಷ್ಟು ತೂಕಕ್ಕೆ ಇಷ್ಟು ಗಾಳಿ ಎಂದು ಪಟ್ಟಿ ಕೊಟ್ಟಿರುತ್ತಾರೆ, ಅದರಂತೆ ಇಳಿಸಬಹುದು. ಆದರೆ ಮತ್ತೆ ಮೂಟೆ ಹೇರುವ ಮೊದಲು ಗಾಳಿ ತುಂಬಲು ಮರೆಯಬಾರದು. ಮರೆತರೆ ಟೈರು ಕಾದು ಸಿಡಿಯುತ್ತದೆ.

ಕೆಲವರು ಒಂದೆರಡು ಪಟ್ಟಿಗಳನ್ನೇ ತೆಗೆದುಬಿಡುತ್ತಾರೆ. ಓಟ ಮೃದುವಾಗುವುದು ನಿಜ. ಆದರೆ ಆಮೇಲೆ ಹಳೆಯ ಹೊರೆಯನ್ನು ಅದು ತಾಳಲಾರದು. ಸದಾ ಹಗುರ ಸಾಮಾನನ್ನೇ ಸಾಗಿಸುವವರು ತಕ್ಕ ಮೆದು ಸ್ಪ್ರಿಂಗನ್ನು ಹಾಕಿಸುವುದು ಲೇಸು. ಇನ್ನು ಷಾಕ್ ಅಬ್ಸಾರ್ಬರು: ಅದು ಕುಣಿತವನ್ನು ಬೇಗ ನಿಲ್ಲಿಸುತ್ತದೆಯೇ ಹೊರತು ಗಡುಸು ಸ್ಪ್ರಿಂಗನ್ನು ಮೆದುಮಾಡುವುದಿಲ್ಲ.

ತೂಕವನ್ನೇ ಕೂಡಿಸುವ ಉಪಾಯವೂ ಉಂಟು. ಮರಳಿನ ಚೀಲಗಳನ್ನು ಅಚ್ಚಿನ ಮೇಲೆ, ಕೊಂಚ ಮುಂದಕ್ಕೆ ಇಟ್ಟು, ಜಾರದಂತೆ ಬಿಗಿಯಬೇಕು. ಜಟಕಾ ಹತ್ತಿದ ನೆನಪಿರುವವರಿಗೆ ಇದರ ಮರ್ಮ ಗೊತ್ತು. "ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ" ಎಂದು ಸಾಬಿಯು ನಮ್ಮನ್ನು ಸರಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಭಾರವೆಲ್ಲ ಹಿಂದಾದರೆ ಮೂಕಿ ಮೇಲೇಳುತ್ತದೆ. ಇಂಥ ಟ್ರೇಲರಿನಲ್ಲೂ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಹಿಂದೆ ಭಾರವಾದರೆ ಬಂಡಿ ವೇಗದಲ್ಲಿ ಬಾಲದಂತೆ ಬಳುಕುತ್ತದೆ; ಅದು ಕುಣಿತಕ್ಕಿಂತ ಅಪಾಯಕಾರಿ.

ಮುದುಕರು ಕೊನೆಯಲ್ಲಿ ಹೇಳಿದ್ದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು: ಹುಲ್ಲು ಹಾಸಿ. ಬಂಡಿಗೆ ಇಲ್ಲದ ಮೆದುತನವನ್ನು ಹುಲ್ಲು ಮಡಕೆಗೆ ಕೊಡುತ್ತದೆ.

ಅದೇ ಹುಡುಗ ಮತ್ತೆ ಹೋದ. ಪಟ್ಟಿಗಳಿಗೆ ಗ್ರೀಸು, ಟೈರಿಗೆ ಹದವಾದ ಗಾಳಿ, ನಾಲ್ಕು ಚೀಲ ಮರಳು, ಮೊಳದುದ್ದ ಹುಲ್ಲಿನ ಹಾಸು. ಈ ಸಲ ಜೊತೆಯಲ್ಲಿ ನಾನೂ ಇದ್ದೆ. ಅದೇ ದಾರಿ, ಅದೇ ನಿಧಾನ. ಒಂದು ಮಡಕೆಯೂ ಬಿರುಕು ಬಿಡಲಿಲ್ಲ. ಚಪ್ಪರದಲ್ಲಿ ಅವನ್ನು ಇಳಿಸುವಾಗ ನಾನು ಅವನಿಗೆ, "ಮೊನ್ನೆ ನಾನು ಆಡಿದ್ದು ತಪ್ಪು ಮಾತು ಕಣಪ್ಪ" ಎಂದೆ. ಅವನು ನಕ್ಕು, ಮಡಕೆಯೊಂದನ್ನು ನನ್ನ ಕೈಗೆ ಕೊಟ್ಟು, "ಜೋಪಾನ ಸ್ವಾಮಿ" ಎಂದ.