ಪೆಟ್ಟಿಗೆ ಹೇಳುವ ಅಂಕಿ, ಮನೆಯೊಳಗಿನ ಗಾಳಿ

ಡಿಸೆಂಬರ್ ತಿಂಗಳ ಮಂಜು ಕವಿದ ಬೆಳಗಿನ ಜಾವ, ಬೆಂಗಳೂರಿನ ಮನೆಯೊಂದರ ಬಾಲ್ಕನಿಯಲ್ಲಿಟ್ಟ ಪುಟ್ಟ ಗಾಳಿಮಾಪಕ ಪಿಎಂ 2.5 (ಗಾಳಿಯಲ್ಲಿನ ನುಣ್ಣನೆಯ ಕಣಗಳ) ಪ್ರಮಾಣ 140 ಎಂದು ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಹತ್ತಿರದ ಸರ್ಕಾರಿ ಮಾಪನ ಕೇಂದ್ರ 70 ಎನ್ನುತ್ತಿದೆ. ಬಿಸಿಲೇರಿದ ಮೇಲೆ ನೋಡಿದರೆ ಎರಡರ ಅಂತರ ಬಹಳಷ್ಟು ಕಡಿಮೆಯಾಗಿದೆ. ಹೆಚ್ಚಿನವರು ಇಷ್ಟಕ್ಕೇ ಪೆಟ್ಟಿಗೆ ಕೆಟ್ಟಿದೆ ಎಂದು ಮೂಲೆಗೆ ಸರಿಸಿಬಿಡುತ್ತಾರೆ. ಕೆಲವರು ಮಾತ್ರ ಹಾಗೆ ಮಾಡುವುದಿಲ್ಲ. ಬೆಳಿಗ್ಗೆ ತಪ್ಪಿ ಹಗಲಲ್ಲಿ ಸರಿಹೋಗುವ ಯಂತ್ರ ಕೆಟ್ಟಿರಲಾರದು, ಬೆಳಿಗ್ಗೆ ಅದರ ಕಣ್ಣಿಗೆ ಬಿದ್ದದ್ದೇನು ಎಂದು ಕೇಳುತ್ತಾರೆ. ಗಾಳಿ ಮಾಡಿದ್ದೆಷ್ಟು, ಯಂತ್ರ ಮಾಡಿದ್ದೆಷ್ಟು ಎಂದು ಬಿಡಿಸಿ ನೋಡುವ ಈ ಕೆಲಸ ಒಂದು ಕಸುಬು. ಅದನ್ನು ಬಲ್ಲವರ ತಾಳ್ಮೆ ಕಂಡರೆ ನನಗೆ ಬಹಳ ಗೌರವ.

ಪೆಟ್ಟಿಗೆಯೊಳಗೆ ನಡೆಯುವುದನ್ನು ಮೊದಲು ತಿಳಿಯಬೇಕು. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಅದರಲ್ಲಿ ಧೂಳಿನ ಕಣಗಳು ಮಿನುಗುವುದನ್ನು ಎಲ್ಲರೂ ನೋಡಿದ್ದೇವೆ. ಮಾಪಕದಲ್ಲಿ ಆಗುವುದೂ ಅದೇ. ಸಣ್ಣ ಫ್ಯಾನೊಂದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಲೇಸರ್ ಕಿರಣ ಅದನ್ನು ಹಾಯುತ್ತದೆ, ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಪಕ್ಕದಲ್ಲಿರುವ ಬೆಳಕಿನ ಸೆನ್ಸರ್ ಹಿಡಿಯುತ್ತದೆ. ಪ್ಲಾಂಟವರ್ ಕಂಪನಿಯ ಪಿಎಂಎಸ್5003, ಸೆನ್ಸಿರಿಯನ್ ಕಂಪನಿಯ ಎಸ್‌ಪಿಎಸ್30 ಸೆನ್ಸರ್‌ಗಳು, ಇವೆಲ್ಲ ಹೀಗೆ ದುಡಿಯುವಂಥವು. ಗಮನಿಸಬೇಕಾದದ್ದೆಂದರೆ ಇವು ಯಾವುದನ್ನೂ ತೂಗುವುದಿಲ್ಲ. ಪರದೆಯ ಮೇಲೆ ಬರುವುದು ಒಂದು ಘನ ಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಎಂಬ ತೂಕ. ಒಳಗೆ ಅಳೆದದ್ದು ಬೆಳಕು. ನಡುವಿನ ಜಾಗವನ್ನು ತುಂಬಿರುವುದು ಕಣದ ಆಕಾರ, ಸಾಂದ್ರತೆಗಳ ಬಗ್ಗೆ ತಯಾರಕರು ಮಾಡಿಕೊಂಡ ಊಹೆ. ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಆ ಊಹೆಯಲ್ಲಿ.

ಆದರೂ ಬಲ್ಲವರು ಮೊದಲು ಕೈ ಹಾಕುವುದು ಯಂತ್ರಕ್ಕಲ್ಲ, ಅಂಕಿಗೆ. ಅದು ಮೈಕ್ರೋಗ್ರಾಮೋ, ಸೂಚ್ಯಂಕವೋ? ಸೂಚ್ಯಂಕವಾದರೆ ಯಾವ ದೇಶದ್ದು? ಪಿಎಂ 2.5 ಪ್ರಮಾಣ 60 ಮೈಕ್ರೋಗ್ರಾಂ ಇದ್ದರೆ ಭಾರತದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಅದು 100, 'ಸಮಾಧಾನಕರ' ವರ್ಗದ ಕೊನೆಯ ಅಂಚು. ಅದೇ ಗಾಳಿ ಅಮೆರಿಕದ ಸೂಚ್ಯಂಕದಲ್ಲಿ 150 ದಾಟಿ 'ಅನಾರೋಗ್ಯಕರ' ಆಗುತ್ತದೆ. ಹೊರದೇಶದಲ್ಲಿ ತಯಾರಾದ ಎಷ್ಟೋ ಮಾಪಕಗಳು ಅಮೆರಿಕದ ಲೆಕ್ಕವನ್ನೇ ತೋರಿಸುತ್ತವೆ. ಸಾಲದ್ದಕ್ಕೆ ನಮ್ಮ ಸೂಚ್ಯಂಕ 24 ಗಂಟೆಗಳ ಸರಾಸರಿ. ಮನೆಯ ಪೆಟ್ಟಿಗೆ ಹೇಳುವುದು ಈ ಕ್ಷಣದ ಮಾತು. ಪಕ್ಕದ ಮನೆಯವರು ಒಣಗಿದ ಎಲೆಗೆ ಬೆಂಕಿ ಹಚ್ಚಿದ ಕ್ಷಣವನ್ನೂ ಇಡೀ ದಿನದ ಸರಾಸರಿಯನ್ನೂ ಪಕ್ಕಪಕ್ಕ ಇಟ್ಟರೆ ಹೊಂದುವುದು ಹೇಗೆ?

ಆಮೇಲಿನದು ಸೊನ್ನೆಯ ಪರೀಕ್ಷೆ. ಏರ್ ಪ್ಯೂರಿಫೈಯರ್ ಇದ್ದವರು ಅದರಿಂದ ಗಾಳಿ ಹೊರಬರುವ ಬಾಯಿಯ ಬಳಿ ಮಾಪಕವನ್ನು ಹಿಡಿಯುತ್ತಾರೆ. ಒಳ್ಳೆಯ ಫಿಲ್ಟರ್ ದಾಟಿ ಬಂದ ಗಾಳಿಯಲ್ಲಿ ಅಂಕಿ ಸೊನ್ನೆಗೋ ಒಂದಕ್ಕೋ ಇಳಿಯಬೇಕು. ಎಂಟು, ಹತ್ತರಲ್ಲೇ ನಿಂತರೆ ಕಿರಣ ಹಾಯುವ ಗೂಡಿನಲ್ಲಿ ಧೂಳು ಕೂತಿದೆ, ಜೇಡ ಬಲೆ ಕಟ್ಟಿದೆ, ಅಥವಾ ಎಲ್ಲಿಂದಲೋ ಬೇರೆ ಬೆಳಕು ನುಸುಳುತ್ತಿದೆ ಎಂದರ್ಥ. ಕ್ಯಾಮೆರಾ ಲೆನ್ಸಿನ ಧೂಳು ಊದುವ ರಬ್ಬರ್ ಬುರುಡೆಯಿಂದ, ಯಂತ್ರ ಆರಿಸಿ, ಮೆಲ್ಲಗೆ ಊದಿದರೆ ಎಷ್ಟೋ ಸಲ ಸರಿಹೋಗುತ್ತದೆ. ಒದ್ದೆ ಬಟ್ಟೆ ಹತ್ತಿರ ಸುಳಿಯಬಾರದು. ಎಸ್‌ಪಿಎಸ್30 ಮಾತ್ರ ವಾರಕ್ಕೊಮ್ಮೆ ತನ್ನ ಫ್ಯಾನನ್ನು ಹತ್ತು ಸೆಕೆಂಡು ಪೂರ್ಣ ವೇಗದಲ್ಲಿ ತಿರುಗಿಸಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅದನ್ನು ರೂಪಿಸಿದ ಎಂಜಿನಿಯರ್‌ಗೆ ಮನೆಯ ಧೂಳಿನ ಪರಿಚಯ ಚೆನ್ನಾಗಿತ್ತು.

ಈಗ ಮಂಜಿನ ಬೆಳಗಿಗೆ ಬರೋಣ. ಗಾಳಿಯಲ್ಲಿ ತೇಲುವ ಸಲ್ಫೇಟ್, ನೈಟ್ರೇಟ್ ಕಣಗಳು ನೀರನ್ನು ಹೀರುತ್ತವೆ. ತೇವಾಂಶ ಶೇ 80 ದಾಟಿತೆಂದರೆ ಉಬ್ಬತೊಡಗುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಮಾಪಕ ಅದನ್ನು ಹೆಚ್ಚು ತೂಕ ಎಂದು ಲೆಕ್ಕ ಹಾಕುತ್ತದೆ. ಮಂಜಿನ ಹನಿಗಳೇ ಒಳಹೊಕ್ಕರೆ ಅವೂ ಧೂಳಿನ ಲೆಕ್ಕಕ್ಕೆ ಸೇರುತ್ತವೆ. ಆದರೆ ಪಿಎಂ 2.5 ಎಂದು ಅಧಿಕೃತವಾಗಿ ಕರೆಯುವುದು ಒಣಗಿದ ಕಣಗಳ ತೂಕವನ್ನು. ಸರ್ಕಾರಿ ಕೇಂದ್ರಗಳಲ್ಲಿರುವ ಬೀಟಾ ಕಿರಣದ ಯಂತ್ರಗಳು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವ ಕೊಳವೆಯಲ್ಲೇ ಬಿಸಿ ಮಾಡಿ ತೇವ ಕಳೆಯುತ್ತವೆ. ಮನೆಯ ಪೆಟ್ಟಿಗೆಗೆ ಆ ಅನುಕೂಲವಿಲ್ಲ. ಅದು ಸುಳ್ಳು ಹೇಳುತ್ತಿಲ್ಲ, ಒದ್ದೆ ಕಣವನ್ನು ಒದ್ದೆಯಾಗಿಯೇ ನೋಡುತ್ತಿದೆ.

ಇದಕ್ಕೆ ಒಂದು ಸೊಗಸಾದ ಉತ್ತರ ಬಂದದ್ದು ಅಮೆರಿಕದಲ್ಲಿ. ಅಲ್ಲಿ ಪರ್ಪಲ್‌ಏರ್ ಎಂಬ ಮಾಪಕಗಳನ್ನು ಸಾವಿರಾರು ಮನೆಗಳು ಹಾಕಿಸಿಕೊಂಡಿವೆ. ಕಾಳ್ಗಿಚ್ಚಿನ ಕಾಲದಲ್ಲಿ ಅವುಗಳ ಅಂಕಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಅವನ್ನು ಅಧಿಕೃತ ಯಂತ್ರಗಳ ಪಕ್ಕದಲ್ಲಿಟ್ಟು ಹೋಲಿಸಿ 2021ರಲ್ಲಿ ಒಂದು ತಿದ್ದುಪಡಿ ಸೂತ್ರವನ್ನು ಪ್ರಕಟಿಸಿದರು. ಮಾಪಕದ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವಾರನ್ನು 0.0862ರಿಂದ ಗುಣಿಸಿ ಅದರಿಂದ ಕಳೆಯಿರಿ, 5.75 ಕೂಡಿಸಿ. ಅಷ್ಟೇ. ಅಂಕಿ 140, ತೇವಾಂಶ ಶೇ 90 ಇದ್ದರೆ ಉತ್ತರ ಸುಮಾರು 71. ಹೈಸ್ಕೂಲು ಹುಡುಗಿಯೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕ. ಪರ್ಪಲ್‌ಏರ್ ಪೆಟ್ಟಿಗೆಯಲ್ಲಿ ಇನ್ನೊಂದು ಜಾಣ್ಮೆಯೂ ಇದೆ: ಒಳಗೆ ಒಂದೇ ಬಗೆಯ ಎರಡು ಸೆನ್ಸರ್‌ಗಳು. ಎರಡೂ ಒಂದೇ ಮಾತು ಹೇಳಿದರೆ ಸರಿ, ಜಗಳವಾಡಿದರೆ ಆ ಗಳಿಗೆಯ ಅಂಕಿಯನ್ನು ಬಿಟ್ಟುಬಿಡುವುದು.

ಈ ಸೂತ್ರವನ್ನು ಹಾಗೆಯೇ ತಂದು ನಮ್ಮ ಊರಿನ ಗಾಳಿಗೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದು ಅಲ್ಲಿನ ಹೊಗೆ, ಅಲ್ಲಿನ ಧೂಳಿಗೆ ಹೊಂದಿಸಿದ್ದು. ಅಲ್ಲಿಂದ ಕಲಿಯಬೇಕಾದದ್ದು ಪಕ್ಕದಲ್ಲಿಟ್ಟು ಹೋಲಿಸುವ ವಿಧಾನವನ್ನು. ಬೆಂಗಳೂರಿನಲ್ಲಿ ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಮುಂತಾದ ಕಡೆ ಮಾಪನ ಕೇಂದ್ರಗಳಿವೆ. ಅವುಗಳ ಗಂಟೆಗಂಟೆಯ ಅಂಕಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸಿಗುತ್ತದೆ. ಹತ್ತಿರದ ಕೇಂದ್ರದ ಅಂಕಿಯನ್ನೂ ಮನೆಯ ಹೊರಗಿನ ಅಂಕಿಯನ್ನೂ ದಿನವೂ ಒಂದೇ ಹೊತ್ತಿಗೆ ಬರೆದಿಡುವವರು ಹೊತ್ತನ್ನೂ ಆರಿಸಿಕೊಳ್ಳುತ್ತಾರೆ: ಗಾಳಿ ಚೆನ್ನಾಗಿ ಬೀಸುವ ಮಧ್ಯಾಹ್ನ. ಆಗ ಇಡೀ ಬಡಾವಣೆಯ ಗಾಳಿ ಬೆರೆತು ಹೆಚ್ಚುಕಮ್ಮಿ ಒಂದೇ ಆಗಿರುತ್ತದೆ. ಬೆಳಗಿನ ಜಾವದ ನಿಂತ ಗಾಳಿಯಲ್ಲಿ ಎರಡು ಬೀದಿಗಳ ನಡುವೆಯೇ ವ್ಯತ್ಯಾಸ ಇರುವುದು ಸಹಜ.

ಮಾಪಕ ಹೆಚ್ಚು ಹೇಳುವುದು ಎಲ್ಲರ ಗಮನಕ್ಕೆ ಬರುತ್ತದೆ, ಕಡಿಮೆ ಹೇಳುವುದು ಬರುವುದಿಲ್ಲ. ಮುಂದಿನ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದು ಕಿಟಕಿಯ ಮೇಲೆ ಬೆರಳಲ್ಲಿ ಬರೆಯುವಷ್ಟು ಸಿಮೆಂಟ್ ಧೂಳು ಕೂತಿದ್ದರೂ ಪೆಟ್ಟಿಗೆ ತಣ್ಣಗಿರುತ್ತದೆ. ಈ ಲೇಸರ್ ಸೆನ್ಸರ್‌ಗಳಿಗೆ ಹೊಗೆಯಂಥ ನುಣ್ಣನೆಯ ಕಣ ಚೆನ್ನಾಗಿ ಕಾಣುತ್ತದೆ, ದಪ್ಪ ಧೂಳು ಅಷ್ಟಾಗಿ ಕಾಣುವುದಿಲ್ಲ. ಅವು ತೋರಿಸುವ ಪಿಎಂ 10 (ದಪ್ಪ ಕಣಗಳೂ ಸೇರಿದ) ಅಂಕಿ ಬಹುಮಟ್ಟಿಗೆ ಸಣ್ಣ ಕಣಗಳಿಂದ ಕಟ್ಟಿದ ಅಂದಾಜು. ಊದುಬತ್ತಿ ಹಚ್ಚಿದಾಗ ಅಂಕಿ ನೆಗೆಯಿತೆಂದು ಯಂತ್ರ ಎಲ್ಲವನ್ನೂ ಸರಿಯಾಗಿ ಅಳೆಯುತ್ತಿದೆ ಎಂದುಕೊಳ್ಳುವಂತಿಲ್ಲ.

ತೇವಾಂಶದ ಅಂಕಿಯನ್ನು ಬಳಸಿ ಧೂಳಿನ ಅಂಕಿಯನ್ನು ತಿದ್ದುವುದಾದರೆ ತೇವಾಂಶವೇ ಸರಿಯಿರಬೇಕಲ್ಲ? ಇಲ್ಲಿ ಒಂದು ಮೋಸವಿದೆ. ಪೆಟ್ಟಿಗೆಯೊಳಗಿನ ವೈಫೈ ಚಿಪ್, ಪರದೆ ಎಲ್ಲ ಬಿಸಿಯಾಗುತ್ತವೆ. ಕೋಣೆಯಲ್ಲಿ 25 ಡಿಗ್ರಿ, ಶೇ 70 ತೇವಾಂಶ ಇದ್ದಾಗ ಒಳಗಿನ ಸೆನ್ಸರ್ ಸುತ್ತ 28 ಡಿಗ್ರಿ ಇದ್ದರೆ, ಅದು ಶೇ 59ರ ಆಸುಪಾಸು ತೋರಿಸುತ್ತದೆ. ಇದನ್ನು ಹಿಡಿಯಲು ಬಲ್ಲವರು ಅಡುಗೆಮನೆಯ ಉಪ್ಪಿನ ಮೊರೆ ಹೋಗುತ್ತಾರೆ. ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಉಪ್ಪು, ಅದು ಒದ್ದೆ ಮರಳಿನಂತಾಗುವಷ್ಟೇ ನೀರು; ಪಕ್ಕದಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ತೇವಾಂಶ ಮಾಪಕ; ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಟ್ಟರೆ ಡಬ್ಬಿಯೊಳಗಿನ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಯಾರ ಅಡುಗೆಮನೆಯ ಉಪ್ಪಾದರೂ ಅಷ್ಟೇ, ಕೋಣೆ 20 ಡಿಗ್ರಿಯಿದ್ದರೂ 30 ಇದ್ದರೂ ಹೆಚ್ಚುಕಮ್ಮಿ ಅಷ್ಟೇ. ಮಾಪಕ 71 ತೋರಿಸಿದರೆ ಅದರ ಕೊರತೆ 4 ಎಂದು ಗೊತ್ತಾಯಿತು. ಹೀಗೆ ಪರೀಕ್ಷೆಗೊಂಡ ಸಣ್ಣ ಮಾಪಕವನ್ನು ದೊಡ್ಡ ಪೆಟ್ಟಿಗೆಯ ಪಕ್ಕದಲ್ಲಿಟ್ಟು ಅದರ ತಪ್ಪನ್ನು ಓದಿಕೊಳ್ಳಬಹುದು. ಒಂದು ಮುಚ್ಚಳ ಉಪ್ಪು ಪ್ರಯೋಗಾಲಯದ ಕೆಲಸ ಮಾಡುವುದು ಈ ಕಸುಬಿನಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ.

ಕಾರ್ಬನ್ ಡೈಆಕ್ಸೈಡ್ ಅಳೆಯುವವರಿಗೆ ಬೇರೆಯದೇ ಪಾಡು. ನಿಜವಾದ ಸೆನ್ಸರ್ ಆ ಅನಿಲ 4.26 ಮೈಕ್ರೋಮೀಟರ್ ತರಂಗಾಂತರದ ಅತಿಗೆಂಪು ಬೆಳಕನ್ನು ಎಷ್ಟು ಹೀರಿತೆಂದು ನೋಡುತ್ತದೆ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಅದು ಇರುವುದೇ ಇಲ್ಲ. ವಾಸನೆ ಹಿಡಿಯುವ ಸೆನ್ಸರ್‌ನ ಅಂಕಿಯಿಂದ ಅಂದಾಜು ಮಾಡಿ ತೋರಿಸುತ್ತಾರೆ. ಸ್ಯಾನಿಟೈಸರ್ ಅದ್ದಿದ ಹತ್ತಿಯನ್ನು ಹತ್ತಿರ ಹಿಡಿದರೆ ನಿಜವಾದದ್ದು ಅಲುಗುವುದಿಲ್ಲ, ಅಂದಾಜಿನದು ಮೇಲಕ್ಕೆ ಹಾರುತ್ತದೆ. ಒಗ್ಗರಣೆಯ ಹೊತ್ತಿಗೆಲ್ಲ ಕಾರ್ಬನ್ ಡೈಆಕ್ಸೈಡ್ ಏಕಾಏಕಿ ಸಾವಿರಗಟ್ಟಲೆ ಏರುತ್ತಿದ್ದರೂ ಅನುಮಾನ ಇದೇ.

ನಿಜವಾದ ಸೆನ್ಸರ್ ಕೂಡ ಎಡವುವುದುಂಟು. ಅದು ಕಳೆದ ಕೆಲವು ದಿನಗಳ ಅತಿ ಕಡಿಮೆ ಅಂಕಿಯನ್ನು ಹೊರಗಿನ ಗಾಳಿ ಎಂದು ಭಾವಿಸಿ, ಅದನ್ನೇ 400 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು) ಎಂದು ಹಿಡಿದು ತನ್ನನ್ನು ತಿದ್ದಿಕೊಳ್ಳುತ್ತದೆ. ಸದಾ ಕಿಟಕಿ ಮುಚ್ಚಿದ, ಸದಾ ಯಾರಾದರೂ ಇರುವ ಕೋಣೆಯಲ್ಲಿ ಗಾಳಿ 600ಕ್ಕಿಂತ ಕೆಳಗಿಳಿಯದಿದ್ದರೆ ಆ 600 ಅದರ ಪಾಲಿಗೆ 400 ಆಗಿಬಿಡುತ್ತದೆ. ಮದ್ದು ಸರಳ: ತಾರಸಿಗೆ ಒಯ್ದು, ನೆರಳಿನಲ್ಲಿಟ್ಟು, ಇಪ್ಪತ್ತು ನಿಮಿಷ ದೂರ ನಿಂತು ಹೊಂದಿಸುವುದು. ದೂರ ಏಕೆಂದರೆ ನಾವು ಬಿಡುವ ಉಸಿರಿನಲ್ಲಿ ಶೇ 4ರಷ್ಟು ಅದೇ ಅನಿಲ. ಎತ್ತರವನ್ನೂ ಮರೆಯುವಂತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಮಂಗಳೂರಿನಲ್ಲಿ ಸರಿಯಾಗಿದ್ದ ಸೆನ್ಸರ್ ಇಲ್ಲಿಗೆ ಬಂದರೆ ಹತ್ತರಲ್ಲಿ ಒಂದು ಪಾಲು ಕಡಿಮೆ ಹೇಳಬಹುದು. ಸೆಟ್ಟಿಂಗ್‌ನಲ್ಲಿ ಎತ್ತರ ತುಂಬುವ ಜಾಗವಿದ್ದರೆ ತುಂಬಬೇಕು.

ಕೊನೆಗೆ ವಯಸ್ಸು. ಎಸ್‌ಡಿಎಸ್011 ಎಂಬ ಜನಪ್ರಿಯ ಧೂಳಿನ ಸೆನ್ಸರ್‌ನ ಲೇಸರ್‌ಗೆ ತಯಾರಕರು ಹೇಳುವ ಆಯಸ್ಸು 8000 ಗಂಟೆ; ಬಿಡದೆ ಓಡಿಸಿದರೆ ಹನ್ನೊಂದು ತಿಂಗಳು. ಹಾಗಾಗಿ ಬಲ್ಲವರು ಅದನ್ನು ಆಗಾಗ ಎಬ್ಬಿಸಿ, ಅರ್ಧ ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು, ಅಳೆದು, ಮತ್ತೆ ಮಲಗಿಸುತ್ತಾರೆ. ಲೇಸರ್ ಮಂಕಾದರೆ ಚದುರುವ ಬೆಳಕೂ ಕಡಿಮೆ, ಅಂಕಿ ನಿಧಾನವಾಗಿ ಇಳಿಯುತ್ತದೆ. ಗಾಳಿ ಸುಧಾರಿಸಿದಂತೆ ಕಾಣುವ ಈ ದೋಷ ಎಲ್ಲಕ್ಕಿಂತ ಅಪಾಯದ್ದು, ಯಾರೂ ಅದನ್ನು ದೂರುವುದಿಲ್ಲ. ಅದಕ್ಕೇ ಹೊಸದು ಬಂದ ದಿನ ಹಳೆಯದನ್ನು ಕಿತ್ತು ಎಸೆಯುವುದಿಲ್ಲ. ಎರಡನ್ನೂ ಒಂದೇ ಕಪಾಟಿನ ಮೇಲೆ ಒಂದು ವಾರ ಓಡಿಸಿ, ಒಂದಕ್ಕೊಂದರ ಅನುಪಾತವನ್ನು ತಾರೀಖಿನೊಡನೆ ಬರೆದಿಟ್ಟುಕೊಂಡರೆ ಹಳೆಯ ಸೆನ್ಸರ್ ಕೊನೆಯ ತಿಂಗಳುಗಳಲ್ಲಿ ಎಷ್ಟು ಕಡಿಮೆ ಹೇಳಿತ್ತೆಂದು ಅಂದಾಜು ಮಾಡಿ ಆ ಅಂಕಿಗಳನ್ನು ಸರಿಪಡಿಸಿಕೊಳ್ಳಬಹುದು.