ಗಾಂಜಾ ಬಿಟ್ಟ ಮೊದಲ ಹದಿನೈದು ದಿನ

ನೆರವಿನ ಅರ್ಜಿಯಲ್ಲಿ ಸದಸ್ಯರೊಬ್ಬರ ಪತ್ನಿ ‘ಯಜಮಾನರಿಗೆ ನರದೌರ್ಬಲ್ಯ’ ಎಂದು ಬರೆದಿದ್ದರು. ಕೂರಿಸಿ ಕೇಳಿದಾಗ ಗಾಂಜಾ ಎಂದು ತಿಳಿಯಿತು. ಬಿಟ್ಟು ಮೂರು ದಿನವಾಗಿತ್ತು. ನಿದ್ದೆಯಿಲ್ಲ, ಊಟ ಸೇರದು, ಮಾತೆತ್ತಿದರೆ ಸಿಡುಕು. “ಇದಕ್ಕಿಂತ ಸೇದುತ್ತಿದ್ದಾಗಲೇ ವಾಸಿಯಿತ್ತು ಸಾರ್” ಎಂದರು.

ಬಿಟ್ಟವರಿಗೆ ಮೊದಲ ವಾರ ಹೀಗೇ. ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ, ನಿದ್ದೆ ಮಾತ್ರ ತಡ. ಆ ದಿನಗಳಲ್ಲಿ ಹಳೆಯ ಲೆಕ್ಕ ತೆಗೆಯಬಾರದು. ಬ್ಯಾಂಕಿನವನಾದ ನಾನೇ ಹೇಳುತ್ತಿದ್ದೇನೆ. ಸೇದಲು ಹಣವನ್ನೂ ಕೊಡಬಾರದು. ಕೈ ಎತ್ತಿದರೆ ಸಹಿಸಬೇಕಿಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. 14446ಕ್ಕೆ ಕರೆ ಉಚಿತ.

ಪೊಲೀಸರ ಭಯವೇ? ಸ್ವಂತ ಸೇವನೆಯ ಸಣ್ಣ ಪ್ರಕರಣಗಳಲ್ಲಿ, ತಾವಾಗಿ ಚಿಕಿತ್ಸೆಗೆ ಬಂದವರಿಗೆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಸರ್ಕಾರಿ ಆಸ್ಪತ್ರೆಯ ಖರ್ಚು ಕಡಿಮೆ, ತಪ್ಪಿದ ಸಂಬಳವೇ ಭಾರ. ನಿಮ್ಮ ದೇಣಿಗೆ ಹೋಗುವುದು ಅಲ್ಲಿಗೇ. ಅರ್ಜಿಯಲ್ಲಿ ನಿಜ ಬರೆಯಿರಿ, ಸಮಿತಿಯ ಹೊರಗೆ ಹೋಗದು.